ಸಿಂಧನೂರಿನಿಂದ ಬ್ರೇನ್ ಬೀಗೆ ಹೋಗಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಸಿಂಧನೂರಿನಲ್ಲಿ ಪ್ರಥಮ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೆದುಳಿನ ಬಗ್ಗೆ ಹೈಸ್ಕೂಲು, ಪಿಯು ಮಕ್ಕಳಿಗೆ ‘ಬ್ರೇನ್ ಬೀ’ ಅಂತ ಒಂದು ಸ್ಪರ್ಧೆ ಇದೆ ಎಂದು ಯೂಟ್ಯೂಬಿನಲ್ಲಿ ನೋಡಿದೆ. ಆಸೆಯಾಗಿದೆ. ನಮ್ಮ ಲೆಕ್ಚರರ್ ‘ಅದೆಲ್ಲ ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ’ ಅಂದರು. ಅಪ್ಪ ‘ನೀಟ್ ಓದು ಸಾಕು’ ಅನ್ನುತ್ತಾರೆ. ನಮ್ಮದು ಎರಡು ಎಕರೆ ಹತ್ತಿ ಹೊಲ, ಮನೆಯಲ್ಲಿ ಇರುವುದು ಒಂದೇ ಫೋನು. ಅಲ್ಲಿ ಏನು ಕೇಳುತ್ತಾರೆ? ಏನು ಓದಬೇಕು? ಹೋಗಲಾ, ಬಿಡಲಾ?

ಉತ್ತರ: ಹೋಗು. ಉಳಿದದ್ದೆಲ್ಲ ಆಮೇಲೆ.

ನಾನು ಬಳ್ಳಾರಿಯಲ್ಲಿ ಮೂವತ್ತು ವರ್ಷ ಎಂಬಿಬಿಎಸ್ ಮೊದಲ ವರ್ಷದ ಮಕ್ಕಳಿಗೆ ಅನಾಟಮಿ ಕಲಿಸಿದವನು. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಪ್ರತಿ ವರ್ಷ ಕುಷ್ಟಗಿ, ಮಾನ್ವಿ, ಸಂಡೂರು, ಹಡಗಲಿ ಕಡೆಯಿಂದ ಕನ್ನಡ ಮೀಡಿಯಂನಲ್ಲಿ ಓದಿದ ಐದಾರು ಮಕ್ಕಳಾದರೂ ಬರುತ್ತಿದ್ದರು. ಹಿಂದಿನ ಬೆಂಚೇ ಅವರ ಜಾಗ. ಕೈ ಎತ್ತುತ್ತಿರಲಿಲ್ಲ. ಆದರೆ ಮೆದುಳಿನ ಪಾಠ ಶುರುವಾದಾಗ ಒಂದು ಮಜಾ ನಡೆಯುತ್ತಿತ್ತು. ಮುಂದಿನ ಬೆಂಚಿನ ಇಂಗ್ಲಿಷ್ ಮೀಡಿಯಂ ಮಕ್ಕಳೂ ಇವರಷ್ಟೇ ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಯಾಕೆ ಗೊತ್ತಾ? ಮೆದುಳಿನ ಭಾಗಗಳ ಹೆಸರು ಇಂಗ್ಲಿಷೇ ಅಲ್ಲ. ಮುಕ್ಕಾಲು ಪಾಲು ಲ್ಯಾಟಿನ್, ಇಲ್ಲವೇ ಗ್ರೀಕ್. ಅವು ಬೆಂಗಳೂರಿನ ಹುಡುಗನಿಗೂ ಹೊಸವು, ಲಂಡನ್ನಿನ ಹುಡುಗಿಗೂ ಹೊಸವು.

ಇನ್ನೊಂದು ಗುಟ್ಟು. ಆ ಹೆಸರುಗಳನ್ನು ಬಿಡಿಸಿ ನೋಡಿದರೆ ನಮ್ಮ ಹಳ್ಳಿಯವರು ಇಟ್ಟ ಹೆಸರಿನ ಹಾಗೇ ಇವೆ. ಹಿಂದಿನ ಕಾಲದ ಅನಾಟಮಿಯವರು ಮೆದುಳು ಬಿಚ್ಚಿದರು, ಕಂಡದ್ದಕ್ಕೆ ಕಂಡ ಹಾಗೆ ಹೆಸರಿಟ್ಟರು. ಕಾರ್ಟೆಕ್ಸ್ ಅಂದರೆ ಮರದ ತೊಗಟೆ. ಪಾನ್ಸ್ ಅಂದರೆ ಸೇತುವೆ. ಅಮಿಗ್ಡಲಾ ಬಾದಾಮಿ, ಹಿಪ್ಪೊಕ್ಯಾಂಪಸ್ ಕಡಲಕುದುರೆ, ಫಾರ್ನಿಕ್ಸ್ ಕಮಾನು. ಇನ್ಸುಲಾ ಅಂದರೆ ನಡುಗಡ್ಡೆ, ಆನೆಗೊಂದಿ ಹತ್ತಿರ ಹೊಳೆ ನಡುವೆ ನವಬೃಂದಾವನ ಇದೆಯಲ್ಲ, ಹಾಗೆ. ಕಿವಿಯೊಳಗಿನ ಕಾಕ್ಲಿಯಾ ಬಸವನಹುಳು. ತಲೆಬುರುಡೆಯಿಂದ ಹೊರಟು ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಅಡ್ಡಾಡುವ ನರಕ್ಕೆ ವೇಗಸ್ ಎಂದು ಹೆಸರು. ಹಾಗೆಂದರೆ ಅಲೆಮಾರಿ. ಮೆದುಳಿಗೆ ಮೂರು ಹೊದಿಕೆ. ಹೊರಗಿನದು ಡ್ಯೂರಾ ಮೇಟರ್, ಗಟ್ಟಿಗಿತ್ತಿ ತಾಯಿ. ಒಳಗಿನದು ಪಯಾ ಮೇಟರ್, ಮೆತ್ತನೆ ತಾಯಿ. ನಡುವಿನದು ಅರಕ್ನಾಯ್ಡ್, ಜೇಡರ ಬಲೆ. ಒಮ್ಮೆ ಹೀಗೆ ಕೇಳಿದವರು ಮರೆಯುವುದುಂಟಾ?

ಅದಕ್ಕೇ ನಿನಗೆ ಮೊದಲ ಕೆಲಸ: ಒಂದು ಇನ್ನೂರು ಪುಟದ ನೋಟ್‌ಬುಕ್ ತಗೋ. ಎಡಗಡೆ ಪುಟದಲ್ಲಿ ಹೆಸರು, ಅದರ ಕೆಳಗೆ ಕನ್ನಡದಲ್ಲಿ ಅರ್ಥ. ಬಲಗಡೆ ಪುಟದಲ್ಲಿ ಅದು ಮಾಡುವ ಕೆಲಸ, ಮತ್ತು ಅದು ಕೆಟ್ಟರೆ ಏನಾಗುತ್ತದೆ ಎಂಬುದು. ಹತ್ತನೇ ಕ್ಲಾಸಿನಲ್ಲಿ ಓದಿದ ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮೆದುಳುಬಳ್ಳಿ ಇವನ್ನು ಎಸೆಯಬೇಡ. ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳು ಅಂದರೂ ಇಂಗ್ಲಿಷಿನ ಫೋರ್‌ಬ್ರೈನ್, ಮಿಡ್‌ಬ್ರೈನ್, ಹೈಂಡ್‌ಬ್ರೈನ್ ಅಂದರೂ ಒಂದೇ.

ಹಾಗಂತ ಭಾಷೆಯ ತೊಂದರೆ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತದೆ, ಬೇಗ ಓದಿ ಅರ್ಥ ಮಾಡಿಕೊಳ್ಳಬೇಕು. ಅದು ಅಭ್ಯಾಸದ ಮಾತು. ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದು. ಮನೆಯವರು ನಕ್ಕರೆ ನಗಲಿ.

ಈಗ ಸ್ಪರ್ಧೆಯ ವಿಷಯ. ಇದನ್ನು 1998ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ನಾರ್ಬರ್ಟ್ ಮಿಸ್ಲಿನ್ಸ್ಕಿ ಶುರು ಮಾಡಿದರು. ‘ಬೀ’ ಅಂದರೆ ಜೇನುಹುಳ ಅಂದುಕೊಂಡಿರುತ್ತೀ. ಅಮೆರಿಕದ ಹಳ್ಳಿಗಳಲ್ಲಿ ಅಕ್ಕಪಕ್ಕದವರೆಲ್ಲ ಕೂಡಿ ಒಂದು ಕೆಲಸ ಮುಗಿಸುವುದಕ್ಕೆ ಬೀ ಅನ್ನುತ್ತಿದ್ದರು, ಹೆಚ್ಚೂಕಡಿಮೆ ನಮ್ಮ ಮುಯ್ಯಾಳಿನ ಹಾಗೆ. ಆಮೇಲೆ ಕಾಗುಣಿತದ ಸ್ಪರ್ಧೆಗೆ ಆ ಹೆಸರು ಬಂತು, ಅಲ್ಲಿಂದ ಮೆದುಳಿಗೆ ಬಂತು. ಮೊದಲು ಊರು ಅಥವಾ ಪ್ರದೇಶದ ಮಟ್ಟ, ಅಲ್ಲಿ ಗೆದ್ದವರು ರಾಷ್ಟ್ರ ಮಟ್ಟಕ್ಕೆ, ಅಲ್ಲಿ ಗೆದ್ದ ಒಬ್ಬರು ಅಂತರರಾಷ್ಟ್ರೀಯ ಮಟ್ಟಕ್ಕೆ. 2018ರಲ್ಲಿ ಆ ಕೊನೆಯ ಸುತ್ತು ಬರ್ಲಿನ್‌ನಲ್ಲಿ ನಡೆಯಿತು, 2019ರಲ್ಲಿ ದಕ್ಷಿಣ ಕೊರಿಯಾದ ದೇಗುವಿನಲ್ಲಿ. ಎರಡೂ ಸಲ ದೊಡ್ಡ ನರವಿಜ್ಞಾನ ಸಮ್ಮೇಳನದ ಜೊತೆಗೇ ಅದನ್ನು ಇಟ್ಟಿದ್ದರು. ವಯಸ್ಸು, ಶುಲ್ಕ, ಕೊನೆಯ ದಿನಾಂಕ ಇವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು, ಹೋದ ವರ್ಷದ ವಿಡಿಯೊ ನಂಬಿ ಕೂರಬೇಡ. ಹದಿಹರೆಯದ, ಇನ್ನೂ ಡಿಗ್ರಿಗೆ ಸೇರದ ಮಕ್ಕಳಿಗಾಗಿ ಇರುವುದು ಇದು. ಪ್ರಥಮ ಪಿಯುಸಿ ಸರಿಯಾದ ಸಮಯ.

ಮೊದಲ ಸುತ್ತುಗಳಲ್ಲಿ ಬಹುತೇಕ ಬರೆಯುವ ಪರೀಕ್ಷೆ, ಜೊತೆಗೆ ಬಾಯಿಮಾತಿನ ಪ್ರಶ್ನೆಗಳು. ಮೇಲೆ ಹೋದ ಹಾಗೆ ರುಚಿ ಜಾಸ್ತಿ. ನಿಜವಾದ ಮೆದುಳಿನ ಭಾಗ ಗುರುತಿಸುವುದು, ಮೈಕ್ರೊಸ್ಕೋಪಿನ ಚಿತ್ರ ನೋಡಿ ಯಾವ ಜೀವಕೋಶ ಎಂದು ಹೇಳುವುದು, ರೋಗಿಯ ಹಾಗೆ ನಟಿಸುವವರನ್ನು ಮಾತಾಡಿಸಿ ಯಾವ ಕಾಯಿಲೆ ಎಂದು ಕಂಡುಹಿಡಿಯುವುದು, ಕೊನೆಗೆ ವೇದಿಕೆ ಮೇಲೆ ತೀರ್ಪುಗಾರರ ಎದುರು ನಿಂತು ಉತ್ತರಿಸುವುದು.

ಓದುವುದಕ್ಕೆ ಕೋಚಿಂಗ್ ಬೇಡ. ಅಮೆರಿಕದ ಸೊಸೈಟಿ ಫಾರ್ ನ್ಯೂರೊಸೈನ್ಸ್ ಎಂಬ ಸಂಸ್ಥೆ ‘ಬ್ರೇನ್ ಫ್ಯಾಕ್ಟ್ಸ್’ ಅಂತ ಒಂದು ಪುಸ್ತಕ ತಂದಿದೆ. ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಫೋನಿನಲ್ಲಿ ಓದಿದರೆ ಕಣ್ಣು ನೋಯುತ್ತದೆ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿಕೋ. ಸ್ಪರ್ಧೆಯ ಪ್ರಶ್ನೆಗಳ ಬೇರು ಆ ಪುಸ್ತಕದಲ್ಲೇ ಇರುವುದು. ಅದನ್ನು ಮೂರು ಸಲ ಓದು. ಮೊದಲ ಸಲ ಕಥೆ ಓದಿದ ಹಾಗೆ, ಅರ್ಥವಾಗದ್ದನ್ನು ದಾಟಿಕೊಂಡು. ಎರಡನೇ ಸಲ ನೋಟ್‌ಬುಕ್ ಇಟ್ಟುಕೊಂಡು. ಮೂರನೇ ಸಲ ಬರೀ ಚಿತ್ರ ನೋಡಿ ಪಾಠ ಹೇಳಿಕೋ. ತಂಗಿಯೋ ತಮ್ಮನೋ ಇದ್ದರೆ ಅವರಿಗೆ ಹೇಳು. ಅವರು ‘ಯಾಕೆ?’ ಅಂದಾಗ ನಿನಗೆ ಉತ್ತರ ಬರಲಿಲ್ಲ ಅನ್ನು, ಅಲ್ಲೇ ನಿನ್ನ ತೂತು ಇರುವುದು.

ಬಾಯಿಪಾಠ ಮಾಡಬೇಕಾದ ಅಂಕಿಗಳೂ ಇವೆ. ಕಪಾಲ ನರಗಳು 12 ಜೊತೆ, ಮೆದುಳುಬಳ್ಳಿಯ ನರಗಳು 31 ಜೊತೆ. ಮೆದುಳಿನ ತೂಕ ಸುಮಾರು 1,300ರಿಂದ 1,400 ಗ್ರಾಂ. ಮೈತೂಕದ ಶೇ. 2ರಷ್ಟೇ ಇದ್ದರೂ ಶಕ್ತಿಯಲ್ಲಿ ಶೇ. 20ರಷ್ಟನ್ನು ಅದೇ ಉಣ್ಣುತ್ತದೆ. ನರಕೋಶಗಳು ಸುಮಾರು 8,600 ಕೋಟಿ, ಅದರಲ್ಲಿ 6,900 ಕೋಟಿಯಷ್ಟು ಹಿಂದುಗಡೆ ಮುದುಡಿ ಕೂತ ಆ ಸಣ್ಣ ಅನುಮಸ್ತಿಷ್ಕದಲ್ಲೇ ಇವೆ. ಹಳೇ ಪುಸ್ತಕಗಳು 10,000 ಕೋಟಿ ಅನ್ನುತ್ತವೆ, ಮೋಸ ಹೋಗಬೇಡ. ಇಷ್ಟು ಸಾಕು. ಅಂಕಿಯಿಂದ ಗೆದ್ದವರನ್ನು ನಾನು ನೋಡಿಲ್ಲ. ದಾರಿ ಹಿಡಿದು ಹೋದವರು ಗೆಲ್ಲುತ್ತಾರೆ.

ದಾರಿ ಹಿಡಿಯುವುದು ಅಂದರೆ ಏನು? ನಿನ್ನ ಹತ್ತಿ ಹೊಲದಿಂದಲೇ ಹೇಳುತ್ತೇನೆ.

ಅಸಿಟೈಲ್‌ಕೋಲೀನ್ ಎಂಬ ಒಂದೇ ಒಂದು ರಾಸಾಯನಿಕ ತಗೋ. 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ಎಂಬ ಊರಿನಲ್ಲಿ ಒಟ್ಟೊ ಲೂವಿ ಎರಡು ಕಪ್ಪೆ ಹೃದಯಗಳನ್ನು ಉಪ್ಪುನೀರಿನಲ್ಲಿ ಬಡಿಯುವ ಹಾಗೆ ಇಟ್ಟರು. ಮೊದಲ ಹೃದಯದ ಅಲೆಮಾರಿ ನರಕ್ಕೆ, ಅದೇ ವೇಗಸ್‌ಗೆ, ಕರೆಂಟು ಕೊಟ್ಟರು. ಬಡಿತ ನಿಧಾನವಾಯಿತು. ಆ ಹೃದಯದ ಸುತ್ತಲಿನ ನೀರನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದೂ ನಿಧಾನವಾಯಿತು. ಅಂದರೆ ನರ ಬರೀ ಕರೆಂಟಿನಿಂದ ಮಾತಾಡುವುದಿಲ್ಲ, ಏನನ್ನೋ ಸುರಿಸುತ್ತದೆ. ಆ ಏನೋ ಎಂಬುದೇ ಅಸಿಟೈಲ್‌ಕೋಲೀನ್. ಈ ಪ್ರಯೋಗ ಅವರಿಗೆ ಕನಸಿನಲ್ಲಿ ಹೊಳೆಯಿತಂತೆ. ಮೊದಲ ರಾತ್ರಿ ನಿದ್ದೆಗಣ್ಣಲ್ಲಿ ಗೀಚಿಟ್ಟದ್ದು ಬೆಳಗ್ಗೆ ಓದಲು ಬರಲಿಲ್ಲ. ಮರುರಾತ್ರಿ ಮತ್ತೆ ಅದೇ ಕನಸು ಬಿತ್ತು, ಎದ್ದು ಸೀದಾ ಲ್ಯಾಬಿಗೆ ಹೋದರು. 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು.

ಇದೇ ಅಸಿಟೈಲ್‌ಕೋಲೀನ್ ನಿನ್ನ ತೋಳು ಎತ್ತಿಸುತ್ತದೆ. ನರದ ತುದಿಯಿಂದ ಹೊರಬಿದ್ದು, ಸಣ್ಣ ಸಂದು ದಾಟಿ, ಸ್ನಾಯುವಿನ ಮೇಲಿರುವ ಗ್ರಾಹಕಕ್ಕೆ ಕೂಡುತ್ತದೆ, ಬೀಗಕ್ಕೆ ಕೀಲಿ ಕೂತ ಹಾಗೆ. ಸ್ನಾಯು ಬಿಗಿಯುತ್ತದೆ. ಆಮೇಲೆ ಕೀಲಿ ತೆಗೆಯಬೇಕಲ್ಲ? ಅದಕ್ಕೆ ಒಂದು ಕಿಣ್ವ ಅಲ್ಲೇ ಕಾದಿರುತ್ತದೆ, ಅಸಿಟೈಲ್‌ಕೋಲೀನ್‌ಎಸ್ಟರೇಸ್. ಅದು ಅಸಿಟೈಲ್‌ಕೋಲೀನನ್ನು ಕತ್ತರಿಸಿ ಹಾಕುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ.

ಈಗ ನಿಮ್ಮ ಕಡೆ ಹತ್ತಿಗೆ ಹುಳ ಸಾಯಿಸುವ ಎಣ್ಣೆ ಹೊಡೆಯುತ್ತಾರಲ್ಲ, ಮಾನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಜಾತಿಯವು, ಅವು ಮಾಡುವುದು ಇಷ್ಟೇ. ಆ ಕಿಣ್ವದ ಕೈ ಕಟ್ಟಿಹಾಕುತ್ತವೆ. ಹುಳದ ಮೈಯಲ್ಲೂ ಅದೇ, ಮನುಷ್ಯನ ಮೈಯಲ್ಲೂ ಅದೇ. ಬರಿಮೈಯಲ್ಲಿ, ಗಾಳಿಗೆ ಎದುರಾಗಿ ಪಂಪು ಹೊತ್ತು ಹೊಡೆದವನಿಗೆ ಅಸಿಟೈಲ್‌ಕೋಲೀನ್ ಎಲ್ಲ ಕಡೆ ತುಂಬಿ ಹರಿಯುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ ಭೇದಿ. ಕಣ್ಣಪಾಪೆ ಸೂಜಿಮೊನೆಯಷ್ಟು ಸಣ್ಣ. ಮಾಂಸಖಂಡ ಪಟಪಟ ಅದುರಿ ಆಮೇಲೆ ಸೋಲುತ್ತದೆ. ಸರಕಾರಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರು ಮೊದಲು ಟಾರ್ಚ್ ಹಾಕಿ ಪಾಪೆ ನೋಡುವುದು ಅದಕ್ಕೇ. ಕೊಡುವ ಔಷಧ ಅಟ್ರೋಪಿನ್. ಅದು ಒಂದು ಜಾತಿಯ ಗ್ರಾಹಕವನ್ನು ಮುಚ್ಚುತ್ತದೆ. ಜೊಲ್ಲು, ಕಫ ನಿಲ್ಲುತ್ತದೆ, ಹೃದಯ ಚೇತರಿಸಿಕೊಳ್ಳುತ್ತದೆ. ಆದರೆ ಸ್ನಾಯುವಿನ ಮೇಲಿರುವುದು ಬೇರೆ ಜಾತಿಯ ಗ್ರಾಹಕ, ಅದನ್ನು ಅಟ್ರೋಪಿನ್ ಮುಟ್ಟುವುದಿಲ್ಲ. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸುವುದಕ್ಕೆ ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧವಿದೆ.

ಬೇಲಿ ಬದಿಯ ಉಮ್ಮತ್ತಿಯಲ್ಲಿ ಇರುವುದೂ ಅಟ್ರೋಪಿನ್ ಜಾತಿಯ ವಿಷವೇ. ಅದರ ಕಾಯಿ ತಿಂದ ಮಗುವಿಗೆ ಎಲ್ಲವೂ ಉಲ್ಟಾ. ಬಾಯಿ ಒಣಗುತ್ತದೆ, ಬೆವರು ನಿಲ್ಲುತ್ತದೆ, ಪಾಪೆ ಅಗಲ, ಮೈ ಬಿಸಿ, ಹುಚ್ಚುಮಾತು. ಎರಡು ವಿಷ, ಒಂದೇ ರಾಸಾಯನಿಕದ ಎರಡು ಅತಿ. ಒಂದರಲ್ಲಿ ಕೀಲಿ ಜಾಸ್ತಿ, ಇನ್ನೊಂದರಲ್ಲಿ ಬೀಗವೇ ಮುಚ್ಚಿದೆ.

ನಾಗರಹಾವಿನ ವಿಷ ಹೋಗಿ ಕೂರುವುದು ಸ್ನಾಯುವಿನ ಮೇಲಿನ ಬೀಗದಲ್ಲಿ. ಕಡಿಸಿಕೊಂಡವನ ರೆಪ್ಪೆ ಜೋತುಬೀಳುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ಮಯಸ್ತೀನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ಹಾವು ಇಲ್ಲ. ಮೈಯ ಸ್ವಂತ ಪ್ರತಿಕಾಯಗಳೇ ಆ ಬೀಗಗಳ ಮೇಲೆ ಬೀಳುತ್ತವೆ. ಅಲ್ಲೂ ರೆಪ್ಪೆ ಜೋತುಬೀಳುತ್ತದೆ, ಬೆಳಗ್ಗೆ ಕಡಿಮೆ, ಸಂಜೆಗೆ ಜಾಸ್ತಿ. ಅದಕ್ಕೆ ಕೊಡುವ ಔಷಧ ಗೊತ್ತಾ? ಕಿಣ್ವದ ಕೈಯನ್ನು ಸ್ವಲ್ಪ ಹೊತ್ತು, ಸ್ವಲ್ಪವೇ ಕಟ್ಟುವ ಔಷಧ. ಎಣ್ಣೆ ಮಾಡುವ ಕೆಲಸವನ್ನೇ ಹದವಾಗಿ ಮಾಡುವುದು. ಇನ್ನೂ ಮುಂದೆ ಹೋಗು. ಅಲ್ಜೈಮರ್ ಬಂದ ಅಜ್ಜನಿಗೆ ಕೊಡುವ ಡೊನೆಪೆಜಿಲ್ ಮಾತ್ರೆಯೂ ಅದೇ ಕಿಣ್ವವನ್ನೇ ಹಿಡಿಯುತ್ತದೆ, ಈ ಸಲ ಮೆದುಳಿನೊಳಗೆ. ಕಾಯಿಲೆ ಗುಣವಾಗುವುದಿಲ್ಲ, ನೆನಪಿಗೆ ಒಂದಿಷ್ಟು ಆಸರೆ ಸಿಗುತ್ತದೆ.

ನೋಡವ್ವ, ಕಪ್ಪೆಯಿಂದ ಹೊರಟು ಹತ್ತಿ ಹೊಲ, ಉಮ್ಮತ್ತಿ, ನಾಗರಹಾವು ದಾಟಿ ಅಜ್ಜನ ಮಾತ್ರೆವರೆಗೆ ಬಂದೆವು. ಐದು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ದಾರಿ. ಇದರಲ್ಲಿ ಮೂರನ್ನು ನೀನು ನಿನ್ನ ಊರಲ್ಲೇ ಕಂಡಿರುತ್ತೀ. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಇದು ಬರೀ ಪಟ್ಟಿ. ಡೋಪಮೈನ್, ಗ್ಲುಟಮೇಟ್, ಗಾಬಾ, ಸಿರೊಟೋನಿನ್ ಇವೂ ನರಗಳು ಸುರಿಸುವ ರಾಸಾಯನಿಕಗಳೇ, ಪ್ರತಿಯೊಂದಕ್ಕೂ ಇಂಥದ್ದೇ ಒಂದು ದಾರಿ ಹಾಕಿಕೋ. ನೋವಿನ ಪಾಠ ಓದುವಾಗ ಒಗ್ಗರಣೆ ಜೊತೆಗಿನ ಮಿರ್ಚಿ ನೆನಪಿಟ್ಟುಕೋ. ಖಾರ ಎಂಬುದು ರುಚಿಯೇ ಅಲ್ಲ. ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ತೆರೆಯುವ ಟಿಆರ್‌ಪಿವಿ1 ಎಂಬ ಬಾಗಿಲನ್ನು ಮೆಣಸಿನಕಾಯಿ ಸುಳ್ಳು ಹೇಳಿ ತೆರೆಸುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅದಕ್ಕೇ ಮಿರ್ಚಿ ತಿಂದರೆ ಬಾಯಿ ಸುಟ್ಟ ಹಾಗಾಗುತ್ತದೆ, ಬೆವರೂ ಬರುತ್ತದೆ.

ರೋಗಿಯನ್ನು ನೋಡುವ ಸುತ್ತಿಗೆ ಮಕ್ಕಳು ಹೆದರುತ್ತಾರೆ. ನನ್ನ ಪ್ರಕಾರ ಅದೇ ಸುಲಭ, ಯಾಕೆಂದರೆ ಎರಡೇ ಪ್ರಶ್ನೆ. ಎಲ್ಲಿ ಕೆಟ್ಟಿದೆ? ಏನು ಕೆಟ್ಟಿದೆ? ‘ಎಲ್ಲಿ’ ಎಂಬುದಕ್ಕೆ ಮೈ ಉತ್ತರ ಹೇಳುತ್ತದೆ. ‘ಏನು’ ಎಂಬುದಕ್ಕೆ ಗಡಿಯಾರ ಹೇಳುತ್ತದೆ. ನಿಮಿಷದಲ್ಲಿ ಆದದ್ದು ರಕ್ತನಾಳದ ಕೆಲಸ. ಕೆಲ ದಿನಗಳಲ್ಲಿ ಬೆಳೆದದ್ದು ಸೋಂಕೋ ಉರಿಯೂತವೋ. ವರ್ಷಗಟ್ಟಲೆ ಮೆಲ್ಲಗೆ ಬಂದದ್ದು ನರಕೋಶ ಸಾಯುವ ಕಾಯಿಲೆ. ಬಂದು ಹೋಗಿ ಬಂದು ಹೋಗಿ ಮಾಡುವುದು ಫಿಟ್ಸ್, ನರದ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್, ಇಲ್ಲವೇ ಮೇಲೆ ಹೇಳಿದ ಮಯಸ್ತೀನಿಯಾ. ಪ್ರತಿ ಸಲವೂ ಹೀಗೇ ಇರುವುದಿಲ್ಲ, ಆದರೆ ಹೊರಡುವುದಕ್ಕೆ ಇದು ಒಳ್ಳೆಯ ಬಾಗಿಲು.

ಒಂದು ಮಾಡಿ ನೋಡೋಣ. ಅರವತ್ತು ವರ್ಷದ ಹಿರಿಯರು, ಬೆಳಗ್ಗೆ ಚಹಾ ಕುಡಿಯುತ್ತಾ ಕೂತಿದ್ದಾರೆ. ಇದ್ದಕ್ಕಿದ್ದಂತೆ ಬಲಗೈಯಿಂದ ಕಪ್ಪು ಜಾರಿತು. ಬಾಯಿ ಒಂದು ಕಡೆ ವಾಲಿತು. ಮನೆಯವರು ಹೇಳಿದ್ದು ಅರ್ಥವಾಗುತ್ತಿದೆ, ಮಾತು ಮಾತ್ರ ಹೊರಡುತ್ತಿಲ್ಲ. ಕಾಲಿನಲ್ಲಿ ಅಷ್ಟೇನೂ ಸೋಲು ಇಲ್ಲ. ಎಲ್ಲಿ? ಮೈಯ ಬಲಭಾಗವನ್ನು ಆಡಿಸುವುದು ಎಡಮೆದುಳು, ದಾರಿ ಮೆದುಳಿನ ಬುಡದ ಭಾಗವಾದ ಮೆಡುಲ್ಲಾದ ಕೆಳತುದಿಯಲ್ಲಿ ಆಚೀಚೆ ದಾಟುತ್ತದೆ. ಮಾತು ಹೋಗಿದೆ, ಬಹಳ ಜನರಲ್ಲಿ ಮಾತಿನ ಜಾಗವೂ ಎಡಕ್ಕೇ. ಅರ್ಥವಾಗುತ್ತದೆ, ಆಡಲು ಆಗುವುದಿಲ್ಲ ಅಂದರೆ ಬ್ರೋಕಾ ಜಾಗ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಬರೀ ‘ಟಾನ್’ ಎಂದಷ್ಟೇ ಹೇಳಬಲ್ಲ ರೋಗಿಯ ಮೆದುಳಿನಲ್ಲಿ ತೋರಿಸಿದ್ದು ಅದೇ. ಕಾಲು ಯಾಕೆ ಉಳಿಯಿತು? ಕಾಲಿನ ಜಾಗ ಎರಡು ಅರೆಗಳ ನಡುವಿನ ಗೋಡೆಯ ಮೇಲಿದೆ, ಅದಕ್ಕೆ ರಕ್ತ ಬರುವುದು ಬೇರೆ ನಾಳದಿಂದ. ಹಾಗಾದರೆ ಕೆಟ್ಟಿರುವುದು ಎಡಗಡೆಯ ಮಿಡಲ್ ಸೆರೆಬ್ರಲ್ ಆರ್ಟರಿ ಎಂಬ ರಕ್ತನಾಳ. ಏನು? ಇದ್ದಕ್ಕಿದ್ದಂತೆ ಆದದ್ದು, ಲಕ್ವ. ರಕ್ತ ಹೆಪ್ಪುಗಟ್ಟಿ ಆದದ್ದೋ ನಾಳ ಒಡೆದು ಆದದ್ದೋ ಎಂಬುದು ಸಿಟಿ ಸ್ಕ್ಯಾನ್ ಮಾಡಿದರೇನೇ ಗೊತ್ತಾಗುವುದು. ಹೆಪ್ಪಾಗಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸುಮಾರು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಇದನ್ನು ಸ್ಪರ್ಧೆಗಿಂತ ಮೊದಲು ನಿಮ್ಮ ಓಣಿಯವರಿಗೆ ಹೇಳು. ನಮ್ಮ ಜನ ಇನ್ನೂ ಲಕ್ವಕ್ಕೆ ನಾಟಿ ಔಷಧ ಹುಡುಕಿಕೊಂಡು ಮೊದಲ ದಿನವನ್ನೇ ಕಳೆದುಬಿಡುತ್ತಾರೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದೂ ಹಾಗೇ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕದೆ, ಸಮಯ ನೋಡಿಕೊಳ್ಳಬೇಕು ಅಷ್ಟೇ.

ಇನ್ನು ನಿಜವಾದ ಮೆದುಳು. ಚಿತ್ರ ನೋಡಿ ಕಲಿತವರು ಇಲ್ಲಿ ಎಡವುತ್ತಾರೆ. ಎಡವಿದವರಲ್ಲಿ ನಾನೂ ಒಬ್ಬ. ನಾವು ಮೊದಲ ಎಂಬಿಬಿಎಸ್‌ನಲ್ಲಿದ್ದಾಗ ಸ್ಪಾಟರ್ ಪರೀಕ್ಷೆ. ಸಾಲಾಗಿ ಟ್ರೇ, ಒಂದೊಂದರಲ್ಲಿ ಒಂದೊಂದು ತುಂಡು, ಅದಕ್ಕೆ ಕೆಂಪು ದಾರ ಕಟ್ಟಿದ ಗುಂಡುಪಿನ್ನು. ನಿಮಿಷಕ್ಕೊಮ್ಮೆ ಗಂಟೆ, ಮುಂದಕ್ಕೆ ಸರಿಯಬೇಕು. ನಾನು ಅಟ್ಲಾಸಿನಲ್ಲಿ ಅಡ್ಡ ಕೊಯ್ದ ಚಿತ್ರಗಳನ್ನೇ ತಿರುವಿ ಹಾಕಿದ್ದೆ. ಅಲ್ಲಿ ಇಟ್ಟಿದ್ದು ಕಿವಿಯಿಂದ ಕಿವಿಗೆ ನೆಟ್ಟಗೆ ಕೊಯ್ದ ತುಂಡು, ಅದೂ ತಲೆಕೆಳಗಾಗಿ. ಪಿನ್ನು ಚುಚ್ಚಿದ್ದು ಕಾಡೇಟ್‌ಗೆ, ನಾನು ಬರೆದದ್ದು ಥಲಾಮಸ್. ಸೊನ್ನೆ. ನಮ್ಮ ಮೇಷ್ಟ್ರು ಬೈಯಲಿಲ್ಲ, ‘ಪಿನ್ನು ನೋಡಬೇಡ, ಪಿನ್ನಿನ ನೆರೆಹೊರೆ ನೋಡು’ ಅಂದರು. ಥಲಾಮಸ್ ಆಗಿದ್ದರೆ ಪಕ್ಕದಲ್ಲಿ ಮೂರನೇ ವೆಂಟ್ರಿಕಲ್‌ನ ಕಿರಿದಾದ ಸಂದು ಇರಬೇಕು (ವೆಂಟ್ರಿಕಲ್ ಅಂದರೆ ಮೆದುಳಿನೊಳಗೆ ನೀರು ತುಂಬಿದ ಕುಳಿ). ಕಾಡೇಟ್ ಆಗಿದ್ದರೆ ಅದು ಲ್ಯಾಟರಲ್ ವೆಂಟ್ರಿಕಲ್‌ನ ಒಳಗೆ ಉಬ್ಬಿಕೊಂಡಿರುತ್ತದೆ. ಈ ಒಂದು ಮಾತು ನನಗೆ ಮೂವತ್ತು ವರ್ಷ ಅನ್ನ ಹಾಕಿತು.

ನಿನಗೆ ಮೆದುಳು ಎಲ್ಲಿ ಸಿಗಬೇಕು? ಮನೆಯಲ್ಲಿ ಮಾಂಸ ತಿನ್ನುವವರಾಗಿದ್ದರೆ ಭಾನುವಾರ ಮಟನ್ ಅಂಗಡಿಗೆ ಹೋಗು. ಕುರಿತಲೆಯನ್ನು ಮೂಗಿನ ನೇರಕ್ಕೆ ಸಮ ಎರಡು ಹೋಳು ಮಾಡಿಕೊಡು ಎಂದು ಕೇಳು. ಆ ಕೊಡಲಿ ಏಟಿಗೆ ನಮ್ಮ ಪುಸ್ತಕದಲ್ಲಿ ‘ಮಿಡ್‌ಸ್ಯಾಜಿಟಲ್ ಸೆಕ್ಷನ್’ ಅನ್ನುತ್ತಾರೆ. ಹೋಳಿನ ನಡುವೆ ಬಿಳಿಯಾಗಿ ಬಿಲ್ಲಿನ ಹಾಗೆ ಬಾಗಿದ ಪಟ್ಟಿ ಕಾಣುತ್ತದೆ, ಅದು ಕಾರ್ಪಸ್ ಕಲ್ಲೋಸಮ್, ಎಡಬಲ ಎರಡನ್ನು ಕಟ್ಟಿಹಿಡಿದ ಹಗ್ಗ. ಅದರ ಕೆಳಗೆ ಕಮಾನು, ಫಾರ್ನಿಕ್ಸ್. ಅದರ ಕೆಳಗೆ ಗುಂಡಗೆ ಥಲಾಮಸ್. ಹಿಂದೆ ಅನುಮಸ್ತಿಷ್ಕ, ಕೊಯ್ದ ಮುಖದಲ್ಲಿ ಬಿಳಿ ಕೊಂಬೆಗಳ ಮರ. ಹಳಬರು ಅದಕ್ಕೆ ಆರ್ಬರ್ ವೀಟೆ, ಬದುಕಿನ ಮರ, ಎಂದು ಹೆಸರಿಟ್ಟಿದ್ದಾರೆ. ಮುಂದುಗಡೆ ಕೆಳಗೆ ವಾಸನೆಯ ಗಡ್ಡೆಗಳು ನೋಡು, ಕುರಿಗೆ ಎಷ್ಟು ದೊಡ್ಡವು! ಮೂಸಿ ಬದುಕುವ ಪ್ರಾಣಿ ಅಲ್ವಾ. ನಮ್ಮಲ್ಲಿ ಅವು ತೀರಾ ಚಿಕ್ಕವು. ಕುರಿಯಲ್ಲಿ ಮೆದುಳುಬಳ್ಳಿ ಹಿಂದಕ್ಕೆ ನೇರ ಹೋಗುತ್ತದೆ, ಎರಡು ಕಾಲಿನ ಮೇಲೆ ನಿಂತ ನಮ್ಮಲ್ಲಿ ಕೆಳಕ್ಕೆ ಬಾಗಿದೆ. ಹಸಿ ಮೆದುಳು ಬೆಣ್ಣೆಯಷ್ಟು ಮೆತ್ತಗಿರುತ್ತದೆ, ಬೆರಳು ಒತ್ತಬೇಡ. ಗ್ಲೌಸ್ ಹಾಕಿಕೋ, ಕೈ ಸೋಪಿನಲ್ಲಿ ತೊಳಿ. ನೋಡಿದ್ದು ಮುಗಿದ ಮೇಲೆ ಅಡುಗೆಮನೆಗೆ ಕೊಡಬೇಡ. ಮಾಂಸ ಮುಟ್ಟದ ಮನೆಯಾದರೆ ಹೊಳೆದಂಡೆಯ ಜೇಡಿಮಣ್ಣು ತಂದು ಮೆದುಳು ಮಾಡು. ಮಾಡಿ, ಕೊಯ್ದು, ಮತ್ತೆ ಮಾಡು. ಸುಮ್ನೆ ಚಿತ್ರ ನೋಡುವುದಕ್ಕಿಂತ ಅದು ಹತ್ತು ಪಾಲು ಮೇಲು.

ಮನುಷ್ಯನ ಮೆದುಳು ನೋಡಲೇಬೇಕು ಅಂದರೆ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರಕಾರಿ ಮೆಡಿಕಲ್ ಕಾಲೇಜು ಇದೆ. ನಿಮ್ಮ ಪ್ರಿನ್ಸಿಪಾಲರ ಸಹಿ ಹಾಕಿಸಿ ಅನಾಟಮಿ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರಿ, ನಾಲ್ಕೈದು ಮಕ್ಕಳು ಜೊತೆಗೆ ಬರುತ್ತೇವೆ ಎಂದು. ಒಬ್ಬಳೇ ಹೋಗುವುದಕ್ಕಿಂತ ಗುಂಪಿಗೆ ಬೇಗ ಒಪ್ಪುತ್ತಾರೆ. ಇನ್ನೊಂದು, ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಡಾ. ಎಸ್.ಕೆ. ಶಂಕರ್ ಕಟ್ಟಿ ಬೆಳೆಸಿದ ಮೆದುಳಿನ ಮ್ಯೂಸಿಯಂ ಇದೆ. ಸಾಮಾನ್ಯ ಜನರಿಗೂ ಪ್ರವೇಶ ಉಂಟು. ಲಕ್ವ ಹೊಡೆದದ್ದು, ಗಡ್ಡೆ ಬೆಳೆದದ್ದು, ಹೆಲ್ಮೆಟ್ ಇಲ್ಲದೆ ಬಿದ್ದವರದು, ಎಲ್ಲವನ್ನೂ ಜೋಡಿಸಿಟ್ಟಿದ್ದಾರೆ. ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಲೂ ಕೊಡುತ್ತಾರೆ. ಯಾವ ದಿನ ತೆರೆದಿರುತ್ತದೆ ಎಂದು ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಸಿರಗುಪ್ಪದ ಮೇಲೆ ಬಳ್ಳಾರಿಗೆ ಬಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು.

ಅಪ್ಪನ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಬ್ರೇನ್ ಬೀ ಗೆದ್ದರೆ ಮೆಡಿಕಲ್ ಸೀಟು ಕೊಡುವುದಿಲ್ಲ. ನೀಟ್‌ನಲ್ಲಿ ನರವ್ಯೂಹದಿಂದ ಬರುವ ಪ್ರಶ್ನೆಗಳು ಕೆಲವೇ, ಅದಕ್ಕಾಗಿ ಇಷ್ಟು ಓದಬೇಕಾಗಿಲ್ಲ. ಅದಕ್ಕೆ ಒಂದು ಕರಾರು ಮಾಡಿಕೋ. ವಾರಕ್ಕೆ ನಾಲ್ಕು ತಾಸು, ಮೂರು ತಿಂಗಳು, ಪ್ರಥಮ ಪಿಯುಸಿಯಲ್ಲಿ ಮಾತ್ರ. ದ್ವಿತೀಯ ಪಿಯುಸಿಗೆ ಬಂದ ಮೇಲೆ ಈ ಕಡೆ ತಲೆ ಹಾಕಬೇಡ. ನಾನಾದರೆ ನನ್ನ ಮಗಳಿಗೂ ಹೀಗೇ ಹೇಳುತ್ತಿದ್ದೆ. ಮತ್ತೆ ಆ ಅಸಿಟೈಲ್‌ಕೋಲೀನ್ ಪಾಠವನ್ನು ಮೊದಲು ಅಪ್ಪನಿಗೇ ಮಾಡು. ಉದ್ದ ತೋಳಿನ ಅಂಗಿ, ಗ್ಲೌಸ್, ಮುಖಕ್ಕೆ ಬಟ್ಟೆ, ಗಾಳಿ ಬೆನ್ನಿಗೆ ಇರುವ ಹಾಗೆ ನಡೆಯುವುದು. ಮಗಳು ಓದುವುದು ಹೊಲಕ್ಕೂ ಬಂತು ಅಂದರೆ ಫೋನು ಒಂದು ತಾಸು ಜಾಸ್ತಿ ಸಿಗಬಹುದು.

ಒಂದು ಎಚ್ಚರಿಕೆ. ಮೆದುಳಿನ ಹೆಸರು ಹೇಳಿಕೊಂಡು ಶಾಲೆಗಳಿಗೆ ಬರುವವರು ಬಹಳ ಇದ್ದಾರೆ. ‘ಮಿಡ್‌ಬ್ರೈನ್ ಆಕ್ಟಿವೇಶನ್’ ಅಂತ ಸಾವಿರಾರು ರೂಪಾಯಿ ತಗೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವುದನ್ನು ಕಲಿಸುತ್ತೇವೆ ಅನ್ನುತ್ತಾರೆ. ನಿನಗೆ ಈಗ ಮಧ್ಯಮೆದುಳು ಎಲ್ಲಿದೆ ಗೊತ್ತು. ಕಣ್ಣುಗುಡ್ಡೆ ಹೊರಳಿಸುವುದು, ಬೆಳಕಿಗೆ ಪಾಪೆ ಕಿರಿದಾಗಿಸುವುದು, ಸದ್ದು ಬಂದ ಕಡೆ ತಿರುಗುವುದು ಇವೆಲ್ಲ ಅದರ ಕೆಲಸ. ಅದು ಹುಟ್ಟಿದ ದಿನದಿಂದಲೇ ಚಾಲೂ ಇದೆ, ಯಾರೂ ಬಂದು ಸ್ವಿಚ್ ಹಾಕಬೇಕಾಗಿಲ್ಲ. ಮೂಗಿನ ಪಕ್ಕದ ಸಂದಿನಿಂದ ಮಕ್ಕಳು ಇಣುಕುತ್ತಾರೆ, ಅಷ್ಟೇ ಅದರ ಗುಟ್ಟು. ಮೆದುಳಿನ ಶೇ. 10 ಮಾತ್ರ ಬಳಸುತ್ತೇವೆ ಎಂಬುದೂ ಇದೇ ಸಂತೆಯ ಸರಕು.

ಕೊನೆಗೆ ಒಂದು ಕೇಸು ಕೊಡುತ್ತೇನೆ. ಮಳೆಗಾಲ. ಹೊಲದ ಗುಡಿಸಲಿನಲ್ಲಿ ನೆಲದ ಮೇಲೆ ಮಲಗಿದ್ದ ಹುಡುಗ ನಸುಕಿಗೆ ಹೊಟ್ಟೆನೋವು ಎಂದು ಎದ್ದ. ಕಡಿದ ಗುರುತು ಎಲ್ಲೂ ಕಾಣುತ್ತಿಲ್ಲ, ಬಾವೂ ಇಲ್ಲ. ಒಂದು ತಾಸಿನಲ್ಲಿ ಎರಡೂ ರೆಪ್ಪೆ ಜೋತುಬಿದ್ದವು, ಉಗುಳು ನುಂಗಲು ಆಗುತ್ತಿಲ್ಲ. ಎಚ್ಚರವಾಗಿದ್ದಾನೆ, ಹೇಳಿದ್ದೆಲ್ಲ ಅರ್ಥವಾಗುತ್ತಿದೆ. ನಿಜಜೀವನದಲ್ಲಾದರೆ ಒಂದು ನಿಮಿಷವೂ ಯೋಚಿಸದೆ ಆಸ್ಪತ್ರೆಗೆ ಓಡಬೇಕು. ನೀನು ಕಾಗದದ ಮೇಲೆ ಯೋಚಿಸು. ಎಲ್ಲಿ ಕೆಟ್ಟಿದೆ, ಏನು ಕೆಟ್ಟಿದೆ? ಇದು ನಾಗರಹಾವಲ್ಲ ಎಂದು ಹೇಳುತ್ತಿದ್ದೇನೆ. ಹಾಗಾದರೆ ಸಂದಿನ ಯಾವ ಕಡೆ ಪೆಟ್ಟು ಬಿದ್ದಿದೆ, ಸ್ನಾಯುವಿನ ಕಡೆಯಾ, ನರದ ತುದಿಯ ಕಡೆಯಾ? ಉತ್ತರ ಬರೆದು ಕಳಿಸು, ಕನ್ನಡದಲ್ಲೇ.